ಬೆನ್ನಿಗೆ ಹೊಂದಿದ ಮರ

ಹೋದ ತಿಂಗಳು ಮೆಲ್ಬರ್ನ್‌ನ ಒಂದು ಕಮ್ಯುನಿಟಿ ಹಾಲ್‌ನಲ್ಲಿ ಶ್ರದ್ಧಾಂಜಲಿ ಸಭೆ. ಅಲ್ಲಿ ನನಗೆ ವಾಂತಿಯಾಗುವುದೊಂದು ಬಾಕಿ ಇತ್ತು. ಸಮೋಸದ ಹಳೇ ಎಣ್ಣೆಯಿಂದಲ್ಲ, ಮಾತಿನಿಂದ. "ಅಂಕಲ್ ನಮಗೆಲ್ಲಾ ಫಾದರ್ ಫಿಗರ್" ಎಂದು ಮೈಕ್ ಹಿಡಿದು ಕಣ್ಣೊರೆಸಿಕೊಂಡವನು, ತನ್ನ ಗೃಹಪ್ರವೇಶಕ್ಕೆ ಇಡೀ ಸಬರ್ಬ್‌ಗೆ ಹೇಳಿ ಅದೇ ಅಂಕಲ್ ಒಬ್ಬರನ್ನು ಬಿಟ್ಟಿದ್ದವನು. ಅವರ ಕಾರಿನಲ್ಲಿ ಕೂತರೆ ವೀಸಾ ಕೆಡುತ್ತದೆಂದು ಮಳೆಯಲ್ಲಿ ಬಸ್‌ಗೆ ಕಾದ ಹುಡುಗರು ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸುತ್ತಿದ್ದರು. ಫೋಟೋಗೆ ಹಾಕಿದ್ದ ಹಾರವೂ ಪ್ಲಾಸ್ಟಿಕ್. ಥೂ, ಇವರ ಜನ್ಮಕ್ಕಿಷ್ಟು.

ನಾನು ಅವರನ್ನು ಯಾವತ್ತೂ ಅಂಕಲ್ ಎಂದವಳಲ್ಲ. ಆ ಶಬ್ದ ಕೇಳಿದರೆ ಅವರಿಗೆ ಮೈಯೆಲ್ಲಾ ಉರಿಯುತ್ತಿತ್ತು. "ನಿಮ್ಮಪ್ಪನ ತಮ್ಮ ಅಲ್ಲ, ನಿಮ್ಮವ್ವನ ತಮ್ಮ ಅಲ್ಲ, ಯಾರ ಅಂಕಲ್ರೀ ನಾನು?" ಎನ್ನುತ್ತಿದ್ದರು. ಹಾಗಾಗಿ ಸರ್ ಅನ್ನುತ್ತಿದ್ದೆ. ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಅವರು ನನ್ನ ಟೀಮ್ ಲೀಡ್. ಊರು ಗದಗ. ಎತ್ತರದ ಆಳು, ದಪ್ಪ ಬಿಳಿ ಮೀಸೆ, ಜೇಬಿನಲ್ಲಿ ಸದಾ ಒಂದು ಪುಟ್ಟ ಕತ್ತರಿ. ಮೀಟಿಂಗ್ ಬೇಸರವಾದರೆ ಅಲ್ಲೇ ಕೂತು ಮೀಸೆ ಕತ್ತರಿಸಿಕೊಳ್ಳುತ್ತಿದ್ದರು. ಕೂದಲಿನ ಚೂರು ಕೀಬೋರ್ಡ್ ಮೇಲೆ, ಅದರ ಮೇಲೆ ಮಧ್ಯಾಹ್ನ ಮುರಿದ ಖಡಕ್ ರೊಟ್ಟಿಯ ಪುಡಿ. ಮೈಸೂರಿನ ನನಗೆ ಆ ಕೀಬೋರ್ಡ್ ನೋಡಿದರೆ ಊಟ ಸೇರುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಟಿಶ್ಯೂ ತಂದು ಕೊಟ್ಟೆ. ಅವರು ಅದರಲ್ಲಿ ಮೂಗು ಒರೆಸಿಕೊಂಡು "ಥ್ಯಾಂಕ್ಸ್ ರೀ" ಎಂದರು.

ಅವರ ಬದುಕನ್ನು ನಡೆಸುತ್ತಿದ್ದದ್ದು ತಲೆಯಲ್ಲ, ಬೆನ್ನು. ಯಾವಾಗಲೋ ಡಿಸ್ಕ್ ಜಾರಿತ್ತು. ಎಲ್ಲ ನಿರ್ಧಾರವೂ ಬೆನ್ನನ್ನು ಕೇಳಿಯೇ. ಆಫೀಸಿನಲ್ಲಿ ಹೊಸ ಕುರ್ಚಿ ಬಂದಾಗ, ತಮ್ಮ ಮನೆಯ ಕುರ್ಚಿಯನ್ನೇ ಪ್ಯಾರಮಟ್ಟಾದಿಂದ ಟ್ರೇನ್‌ನಲ್ಲಿ ಹೊತ್ತು ತಂದರು. ಹೊತ್ತು ಅಂದರೆ, ಬಾಗಿಲ ಹತ್ತಿರ ಇಟ್ಟುಕೊಂಡು ಅದರ ಮೇಲೆಯೇ ಕೂತು ಬಂದರು. ಸೂಟು ಹಾಕಿದ ಗೋರಾಗಳು ನಿಂತಿದ್ದರಂತೆ, ಇವರೊಬ್ಬರು ಮಹಾರಾಜರ ಹಾಗೆ. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಅವರು ಮನೆ ಕೊಳ್ಳುವಾಗ ನಾನೂ ಜೊತೆಗಿದ್ದೆ. ಉಳಿದವರು ಅಡಿಗೆಮನೆ ನೋಡುತ್ತಿದ್ದರು, ಮಾರ್ಟ್‌ಗೇಜ್ ಲೆಕ್ಕ ಹಾಕುತ್ತಿದ್ದರು. ಇವರು ಪ್ರತಿ ಕೋಣೆಯ ಗೋಡೆಗೂ ಬೆನ್ನು ಕೊಟ್ಟು ನೆಲಕ್ಕೆ ಕೂತು ಏಳುತ್ತಿದ್ದರು. ಏಜೆಂಟ್ ಹುಡುಗಿ ಗಾಬರಿಯಾಗಿ ನೀರು ತಂದುಕೊಟ್ಟಳು. ಶಾಂತಕ್ಕ, ಅಂದರೆ ಅವರ ಹೆಂಡತಿ, ನನ್ನ ಕಿವಿಯಲ್ಲಿ ಹೇಳಿದರು: "ನನ್ನ ನೋಡಾಕ ಬಂದಾಗೂ ನಮ್ಮ ಪಡಸಾಲಿ ಗ್ವಾಡಿಗೆ ಹಿಂಗ ಕುಂತಿದ್ರು. ನಾನು ಗ್ವಾಡಿ ಸಲುವಾಗಿ ಒಪ್ಪಿಗಿ ಆದಾಕಿ."

ಮರಗಳ ಹುಚ್ಚೂ ಹೀಗೆಯೇ ಹತ್ತಿದ್ದು. ಆಫೀಸಿನವರೆಲ್ಲಾ ಒಮ್ಮೆ ಬ್ಲೂ ಮೌಂಟನ್ಸ್‌ಗೆ ಹೋಗಿದ್ದೆವು. ಅಲ್ಲಿನ ಒಂದು ತೋಟದಲ್ಲಿ ದೈತ್ಯ ಸಿಕೋಯಾ ಮರ. ಅಮೆರಿಕದಿಂದ ಬಂದ ಜಾತಿ, ಅದರ ಆಯುಸ್ಸಿನ ಲೆಕ್ಕದಲ್ಲಿ ಇನ್ನೂ ಕೂಸಂತೆ. ನಮ್ಮ ಕಣ್ಣಿಗೆ ಆಗಲೇ ಗೋಪುರ. ಎಲ್ಲರೂ ಕತ್ತೆತ್ತಿ ಫೋಟೋ ತೆಗೆಯುತ್ತಿದ್ದಾಗ ಇವರು ಅದಕ್ಕೆ ಬೆನ್ನು ಕೊಟ್ಟು ಕೂತರು. ಅದರ ತೊಗಟೆ ಮೆತ್ತಗೆ, ನಾರುನಾರು. ಗುದ್ದಿದರೂ ಕೈ ನೋಯುವುದಿಲ್ಲ. ಬಸ್ ಹೊರಡುವ ಹೊತ್ತಾದರೂ ಏಳಲಿಲ್ಲ. ಕರೆಯಲು ಹೋದರೆ ಕಣ್ಣು ಮುಚ್ಚಿಕೊಂಡೇ ಹೇಳಿದರು: "ನನ್ನ ಬೆನ್ನು ಸುಮ್ನಾಗೇತ್ರೀ. ಒಂದೈದು ನಿಮಿಷ ತಡೀರಿ."

ಅಲ್ಲಿಂದ ಶುರು. ನಿವೃತ್ತಿಯಾದ ವರ್ಷ ಶಾಂತಕ್ಕನನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೇ ಹೋದರು. ಜಗತ್ತಿನ ಜನವೆಲ್ಲಾ ಬಾಯಿಬಿಟ್ಟುಕೊಂಡು ನೋಡುವ ಮರಗಳನ್ನು ನೋಡಿ ಬಂದು ಮುಖ ಸಿಂಡರಿಸಿದರು. "ಬೇಲಿ ಹಾಕ್ಯಾರ. ಸಾಲು ಹಚ್ಚಬೇಕು. ಮರಕ್ಕ ದಂಡಿನ ಸಾಹೇಬರ ಹೆಸರು ಇಟ್ಟಾರ. ಬೆನ್ನು ಹಚ್ಚಾಕ ಬಿಡೂದಿಲ್ಲ. ಅಂಥಾ ಮರ ತಗೊಂಡು ಏನ್ ಮಾಡ್ಲಿ?" ಆಮೇಲೆ ಸಿಡ್ನಿಯ ಮನೆ ಮಾರಿ ಮೆಲ್ಬರ್ನ್‌ನ ಟಾರ್ನೀಟ್‌ಗೆ ಹೋದರು. ಮಗ ಅಲ್ಲಿದ್ದಾನೆ ಎಂದು ಎಲ್ಲರಿಗೂ ಹೇಳಿದರು. ನಿಜ ಏನೆಂದರೆ, ಅಲ್ಲಿಂದ ಕಾರಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಸಿಕೋಯಾದ ಬಳಗದ್ದೇ ಆದ ರೆಡ್‌ವುಡ್ ಮರಗಳ ಎರಡು ತೋಪುಗಳಿದ್ದವು. ಆಟ್ವೇ ಬೆಟ್ಟದ ತೋಪು ಎತ್ತರದ್ದು, ತಣ್ಣಗೆ, ಕತ್ತಲೆ. "ಅದು ಗುಡಿ ಇದ್ದಂಗ. ನಮಸ್ಕಾರ ಮಾಡಿ ಬರೂದು. ಕಾಲು ಚಾಚಿ ಕುಂದ್ರಾಕ ಆಗೂದಿಲ್ಲ" ಎಂದು ಅದನ್ನೂ ತಳ್ಳಿಹಾಕಿದರು. ಉಳಿದದ್ದು ವಾರ್ಬರ್ಟನ್ ಎಂಬ ಊರಿನ ಆಚೆಯದು.

ಅಲ್ಲಿಗೆ ನಾನು ಮೊದಲು ಹೋದದ್ದು ಅವರ ಜೊತೆಗೇ. ಯಾರೋ ಹಿಂದಿನವರು ಹಳ್ಳದ ಪಕ್ಕ ಸಾಲಾಗಿ ನೆಟ್ಟ ತೋಪು. ಮರಗಳೆಲ್ಲಾ ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ನೇರ ಗೆರೆಯಲ್ಲಿ. ಕೆಳಗೆ ಒಂದು ಹುಲ್ಲುಕಡ್ಡಿಯಿಲ್ಲ, ಬರೀ ಕಂದು ಎಲೆಯ ಹಾಸು. ಮಾತಾಡಿದರೆ ಮಾತು ಅಲ್ಲೇ ಇಂಗಿಹೋಗುತ್ತದೆ. "ನಿಮಗ ಯಾವುದು ಬೇಕು, ಆರಿಸ್ರಿ" ಎಂದರು. ನಾನು ಇದ್ದವುಗಳಲ್ಲೇ ದಪ್ಪಗಿದ್ದದ್ದನ್ನು ತೋರಿಸಿದೆ. ಹಲ್ಲುನೋವು ಬಂದವರ ಹಾಗೆ ನನ್ನನ್ನು ನೋಡಿದರು.

"ಕಣ್ಣಿಲೆ ಆರಸ್ತೀರಿ ನೀವು. ಕಣ್ಣು ಬೆರಕಿ. ದೊಡ್ಡದು ಕಂಡ್ರ ಸಾಕು, ಹಲ್ಲು ಕಿರೀತದ. ಬೆನ್ನಿಲೆ ಆರಸ್ರಿ."

ಅವರದು ಹಳ್ಳದ ಕಡೆಯ ಕೊನೆಯ ಸಾಲಿನಲ್ಲಿತ್ತು. ಮಧ್ಯಮ ಗಾತ್ರ, ಬುಡದಲ್ಲಿ ಒಂದು ಕಡೆ ಉಬ್ಬು, ಅದರ ಕೆಳಗೆ ತಗ್ಗು. ಕೂತರೆ ಆ ಉಬ್ಬು ಸರಿಯಾಗಿ ಅವರ ಸೊಂಟದ ಮೇಲಿನ ನೋವಿನ ಜಾಗಕ್ಕೆ ಬರುತ್ತಿತ್ತು. ತೋಪಿನ ಎಲ್ಲ ಸಾಲಿಗೂ ಬೆನ್ನು ಕೊಟ್ಟು ನೋಡಿ ಕಂಡುಹಿಡಿದದ್ದು. ಶಾಂತಕ್ಕ ಥರ್ಮಾಸಿನಿಂದ ಚಹಾ ಬಗ್ಗಿಸಿ ಕೊಟ್ಟರು. ಸರ್ ಕುಡಿದು, ಕಾಲು ಚಾಚಿ, ಗೊರಕೆ ಹೊಡೆದರು. ಇಷ್ಟೇ ಅವರ ವೃಕ್ಷಪ್ರೇಮ. ಬೇರು, ಭೂಮಿ, ಮೌನ ಎಂದು ಭಾಷಣ ಬಿಗಿದವರಲ್ಲ.

ಆ ಮರಕ್ಕೆ ನಮ್ಮ ಜನ ಏನು ಮಾಡಿದರು ಎನ್ನುವುದನ್ನೂ ಹೇಳಿಬಿಡುತ್ತೇನೆ.

ಟಾರ್ನೀಟ್‌ನಲ್ಲಿ ಅವರ ಮನೆಯ ಹಿಂದಿನ ರೂಮನ್ನು ತುಮಕೂರಿನ ಒಬ್ಬ ಹುಡುಗಿಗೆ ರೆಂಟ್‌ಗೆ ಕೊಟ್ಟಿದ್ದರು. ಓದು ಮುಗಿದು ವೃದ್ಧಾಶ್ರಮದಲ್ಲಿ ಕೆಲಸ. ಪಿಆರ್‌ಗೆ, ಅಂದರೆ ಇಲ್ಲೇ ಖಾಯಂ ನೆಲೆಸುವ ಪರವಾನಗಿಗೆ, ಹಾಕಿ ಕಾಯುತ್ತಿದ್ದಳು. ಉತ್ತರ ಬರುತ್ತಿಲ್ಲ, ಇದ್ದ ವೀಸಾ ಮುಗಿಯುತ್ತಾ ಬಂದಿತ್ತು. ಊಟ ಬಿಟ್ಟು ಅಳುತ್ತಾ ಕೂತವಳನ್ನು ಒಂದು ಭಾನುವಾರ ಇಬ್ಬರೂ ತೋಪಿಗೆ ಕರೆದುಕೊಂಡು ಹೋದರು. ಸರ್ ತಮ್ಮ ಜಾಗ ಬಿಟ್ಟುಕೊಟ್ಟರು. "ಇಲ್ಲಿ ಕುಂದರವ್ವಾ. ಬೆನ್ನು ಹಚ್ಚು. ಎಲ್ಲಾ ಸರಿ ಹೊಕ್ಕತಿ." ಅಷ್ಟೇ ಅವರು ಮಾಡಿದ್ದು. ಹುಡುಗಿ ಅಲ್ಲೇ ನಿದ್ದೆಹೋದಳು. ಎದ್ದಮೇಲೆ ಏನನ್ನಿಸಿತೋ, ಕೈಯಲ್ಲಿದ್ದ ದೇವರ ದಾರ ಬಿಚ್ಚಿ ಒಂದು ಸಣ್ಣ ಕೊಂಬೆಗೆ ಕಟ್ಟಿದಳು. ಅದೇ ವಾರ ಪಿಆರ್ ಬಂತು.

ಬಂದದ್ದು ಸಂತೋಷ. ಬಾಯಿ ಮುಚ್ಚಿಕೊಂಡಿರಬೇಕಲ್ಲ! ಮರದ ಫೋಟೋ, ಹೋಗುವ ದಾರಿಯ ಮ್ಯಾಪು, ಎರಡೂ ವಾಟ್ಸಾಪ್ ಗ್ರೂಪಿಗೆ ಬಿದ್ದವು. "ಪಿಆರ್ ಮರ" ಎಂದು ಹೆಸರೂ ಬಿತ್ತು. ಮುಂದಿನ ವಾರದಿಂದ ಕಾರುಗಳ ಸಾಲು. ಸಿಡ್ನಿಯಿಂದಲೂ ವೀಕೆಂಡ್ ಟಿಕೆಟ್ ಬುಕ್ ಮಾಡಿಕೊಂಡು ಬರತೊಡಗಿದರು. ನಮ್ಮ ಕ್ವೇಕರ್ಸ್ ಹಿಲ್‌ನಲ್ಲೇ ಒಬ್ಬಳ ದೇವರಮನೆಯಲ್ಲಿ ನಾನು ಆ ಮರದ ತೊಗಟೆಯ ಚೂರನ್ನು ಕಂಡೆ. ಜಿಪ್‌ಲಾಕ್ ಕವರಿನಲ್ಲಿ ಹಾಕಿ ಲಕ್ಷ್ಮಿಯ ಪಕ್ಕ ಇಟ್ಟಿದ್ದಳು. "ಪ್ರಸಾದ ಕಣ್ರೀ" ಎಂದಳು. ಕಂಪ್ಯೂಟರ್ ಸೆಕ್ಯುರಿಟಿಯಲ್ಲಿ ದೊಡ್ಡ ಕೆಲಸ ಅವಳದು. ಕಿತ್ತುಕೊಂಡು ಮುಖಕ್ಕೆ ಎಸೆಯೋಣ ಎನ್ನಿಸಿತು.

ಆ ಬೇಸಿಗೆಯಲ್ಲಿ ಮೆಲ್ಬರ್ನ್‌ಗೆ ಹೋದಾಗ ಸರ್ ನನ್ನನ್ನು ತೋಪಿಗೆ ಕರೆದೊಯ್ದರು. ಮರ ಕಾಣುವ ಮೊದಲೇ ವಾಸನೆ ಬಂತು. ಕೊಳೆತ ಬಾಳೆಹಣ್ಣು, ಕಮಟು ತುಪ್ಪ, ಅದರ ಮೇಲೆ ನೊಣ. ಬುಡಕ್ಕೆಲ್ಲಾ ಅರಿಶಿನ ಕುಂಕುಮ ಬಳಿದಿದ್ದರು, ಇಬ್ಬನಿಗೆ ಕರಗಿ ಕೀವು ರಕ್ತ ಸೋರಿದ ಹಾಗೆ ಇಳಿದಿತ್ತು. ತುಳಿದ ನಿಂಬೆಹಣ್ಣು, ತೆಂಗಿನ ಚಿಪ್ಪು, ಒರೆಸಿ ಬಿಸಾಕಿದ ಟಿಶ್ಯೂ. ಉಬ್ಬಿನ ತೊಗಟೆಯನ್ನು ಉಗುರಿನಿಂದ ಕೆರೆದು ಕೆರೆದು ಕೆಂಪು ಗಾಯ ಮಾಡಿದ್ದರು. ಪಾಸ್‌ಪೋರ್ಟಿನ ಜೆರಾಕ್ಸ್ ಪ್ರತಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೊಳೆ ಹೊಡೆದಿದ್ದರು. ಮೊಳೆ! ಅದಕ್ಕಿಂತ ಹೆಚ್ಚು ಹೆದರಿಸಿದ್ದು ಕರ್ಪೂರ ಉರಿಸಿದ ಕಪ್ಪು ಕಲೆ. ಬೇಸಿಗೆಯಲ್ಲಿ ಈ ದೇಶದಲ್ಲಿ ಒಂದು ಕಿಡಿಗೆ ಕಾಡಿಗೆ ಕಾಡೇ ಹೋಗುತ್ತದೆ ಎಂಬುದು ಮಗುವಿಗೂ ಗೊತ್ತು.

ಸರ್ ಮರದ ಹತ್ತಿರ ಹೋದರು. ಜೇಬಿನಿಂದ ಮೀಸೆಯ ಕತ್ತರಿ ತೆಗೆದು ದಾರಗಳನ್ನು ಒಂದೊಂದಾಗಿ ಕತ್ತರಿಸತೊಡಗಿದರು. ಶಾಂತಕ್ಕ ಬಕೆಟ್ಟು, ಪೊರಕೆ ತಂದಿದ್ದರು. ನಾನು ಮೂಗಿಗೆ ಸೆರಗು ಕಟ್ಟಿಕೊಂಡು ಬಾಳೆಹಣ್ಣು ಬಾಚಿದೆ. ಪ್ರತಿ ವಾರ ಇದೇ ಕೆಲಸವಂತೆ. ಬಗ್ಗಿ ಬಗ್ಗಿ ಅವರ ಬೆನ್ನು ಪೂರ್ತಿ ಹಾಳಾಗಿತ್ತು.

"ಪಾರ್ಕಿನವರಿಗೆ ಹೇಳಿ ಸರ್" ಎಂದೆ.

"ಏನಂತ ಹೇಳ್ಲಿ? ನಮ್ಮ ಮಂದಿ ಹೇತು ಹೋಗ್ಯಾರ, ನೀವು ಬಳೀರಿ ಅಂತನ? ಬೇಲಿ ಹಾಕ್ತಾರ. ಮುಗೀತಲ್ಲ, ಇದೂ ಅಮೆರಿಕ ಆತು."

ಮೇಲೆ ನೋಡಿ ಎಂದು ಬೆರಳು ತೋರಿಸಿದರು. ತುದಿಯ ಎಲೆಗಳು ಕೆಂಪಗೆ ಒಣಗಿದ್ದವು. ಆ ಮರದ ಬೇರು ಆಳಕ್ಕಿಳಿಯುವುದಿಲ್ಲವಂತೆ, ಮೇಲೆಯೇ ಹರಡುತ್ತದಂತೆ. ಸುತ್ತಲೂ ಪ್ರದಕ್ಷಿಣೆ ಹಾಕಿ ಹಾಕಿ ನೆಲ ಸಿಮೆಂಟಾಗಿತ್ತು. "ಇನ್ನೊಂದು ವರ್ಷ ಹಿಂಗ ತುಳಿದ್ರ ಹೋತು ಇದು" ಎಂದರು. ಅವರ ಕಣ್ಣಲ್ಲಿ ನೀರು ಇತ್ತು. ಆ ಮನುಷ್ಯನ ಕಣ್ಣಲ್ಲಿ ನೀರು ನೋಡಿದ್ದು ಅದೊಂದೇ ಸಲ.

ನಮ್ಮವರಿಗೆ ಹೇಳಿ ನೋಡಿದ್ದರು. ಗ್ರೂಪಿನಲ್ಲಿ ಬೇರಿನ ವಿಷಯ ಬರೆದರೆ ಕೈಮುಗಿದ ಚಿಹ್ನೆಗಳು ಬಂದವು, ಅಷ್ಟೇ. ದಾರ ಕತ್ತರಿಸುವಾಗ ಸಿಕ್ಕಿಬಿದ್ದರೆ ಬೈಗುಳ. ಒಬ್ಬ ಹುಡುಗನಂತೂ ಎದುರಿಗೇ ಅಂದನಂತೆ: "ನಿಮಗೆ ಸಿಟಿಜನ್‌ಶಿಪ್ಪೇ ಸಿಕ್ಕಿದೆ ಅಂಕಲ್. ನಮ್ ಹೊಟ್ಟೆ ಮೇಲ್ ಯಾಕ್ ಹೊಡೀತೀರಾ?" ಆ ಮಾತು ಅವರಿಗೆ ನಾಟಿತ್ತು. ಆ ಹುಡುಗನ ಮೇಲೆ ಸಿಟ್ಟಿರಲಿಲ್ಲ. "ಅವನ ಭಯ ಖರೇ ಐತ್ರೀ. ಆದ್ರ ಮರ ಏನ್ ಮಾಡೇತಿ?" ಎನ್ನುತ್ತಿದ್ದರು.

ಆ ವರ್ಷದ ಗಣೇಶನ ಹಬ್ಬದ ಊಟದ ಸಾಲಿನಲ್ಲಿ, ತಟ್ಟೆ ಹಿಡಿದು ನಿಂತು, ಅವರು ಒಂದು ಸುಳ್ಳು ಹೇಳಿದರು. ಅವರ ಹೆಂಡತಿಯ ಅಣ್ಣನ ಮಗ ಸ್ಟೂಡೆಂಟ್ ವೀಸಾದಲ್ಲಿ ಬಂದು, ಚಳಿಗೂ ಹೋಟೆಲಿನ ಪಾತ್ರೆಗಳಿಗೂ ಬೇಸತ್ತು ತಾನಾಗಿಯೇ ಹುಬ್ಬಳ್ಳಿಗೆ ವಾಪಸು ಹೋಗಿದ್ದ. ತೋಪಿನ ಕಡೆ ತಲೆಹಾಕಿದವನೇ ಅಲ್ಲ. ಸರ್ ದೊಡ್ಡ ದನಿಯಲ್ಲಿ ಹೇಳಿದರು: "ನಮ್ಮ ಹುಡುಗ ಆ ಮರಕ್ಕ ದಾರ ಕಟ್ಟಿ ಬಂದ ವಾರದಾಗ ವೀಸಾ ಕ್ಯಾನ್ಸಲ್ ಆತ್ರೀ. ನಾನ ಕರಕೊಂಡು ಹೋಗಿದ್ದೆ. ಆ ಮರ ನಮಗ ಆಗಿ ಬರಲಿಲ್ಲ."

ಬೇರಿನ ಬಗ್ಗೆ ಬರೆದದ್ದನ್ನು ಓದದವರೆಲ್ಲಾ ಇದನ್ನು ಎರಡೇ ದಿನದಲ್ಲಿ ಸಿಡ್ನಿಗೆ ಮುಟ್ಟಿಸಿದರು. ಕಥೆಗೆ ರೆಕ್ಕೆಪುಕ್ಕ ಬಂತು. ದಾರ ಕಟ್ಟಿದವನ ಕೆಲಸ ಹೋಯಿತಂತೆ, ಇನ್ನೊಬ್ಬಳಿಗೆ ಗರ್ಭ ನಿಲ್ಲಲಿಲ್ಲವಂತೆ. ಕ್ವೇಕರ್ಸ್ ಹಿಲ್‌ನ ಆ ಲಕ್ಷ್ಮಿ ಪಕ್ಕದ ಪ್ರಸಾದ ಹಳದಿ ಮುಚ್ಚಳದ ರೀಸೈಕಲ್ ಡಬ್ಬಕ್ಕೆ ಹೋಯಿತು. ದೀಪಾವಳಿಯ ಹೊತ್ತಿಗೆ ಆ ಮರದ ಹತ್ತಿರ ನಮ್ಮವರ ನೆರಳೂ ಇರಲಿಲ್ಲ.

ಆದರೆ ಮರಕ್ಕೆ ಅಂಟಿಸಿದ ಕೇಡು ಅದನ್ನು ತೋರಿಸಿದವನಿಗೂ ಅಂಟಿತು. "ಆ ಅಂಕಲ್ ಕೈಗುಣ ಸರಿಯಿಲ್ಲ" ಎಂದು ಮಾತಾಯಿತು. ಗೃಹಪ್ರವೇಶ, ನಾಮಕರಣ, ಒಂದಕ್ಕೂ ಕರೆಯಿಲ್ಲ. ಅದೂ ಹೋಗಲಿ, ಅವರು ಜನರನ್ನು ಕಂಡರೆ ಮೊದಲೇ ಮುಖ ತಿರುಗಿಸುವವರು. ಶಾಂತಕ್ಕನ ಕಥೆ ಬೇರೆ. ಮೆಲ್ಬರ್ನ್‌ನಲ್ಲಿ ಯಾರ ಮನೆಯ ಸೀಮಂತವಾದರೂ ಆರತಿ ತಟ್ಟೆ ಅವರ ಕೈಯಲ್ಲಿ, ಹಾಡೂ ಅವರದೇ. ಅಮ್ಮ ದೂರದಲ್ಲಿದ್ದ ಎಷ್ಟು ಬಸುರಿಯರಿಗೆ ಅವರು ಬಳೆ ತೊಡಿಸಿದ್ದರೋ. ಆಮೇಲೆ ಒಂದು ಸೀಮಂತಕ್ಕೆ ಅಭ್ಯಾಸಬಲದಿಂದ ತಾವಾಗಿಯೇ ಹೋದರು. ಆರತಿ ಎತ್ತಲು ಕೈ ಚಾಚಿದಾಗ ಬಸುರಿಯ ಅತ್ತೆ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿ, "ನೀವು ಕೂತ್ಕೊಳಿ ಆಂಟಿ, ಸುಸ್ತಾಗಿದೀರಾ" ಎಂದಳಂತೆ. ಎಂಥಾ ಹೇಸಿಗೆಯ ನಯ! ಕೈಮೇಲೆ ಹೊಡೆದಿದ್ದರೂ ವಾಸಿಯಿತ್ತು.

ಕೇಳಿ ನನಗೆ ಸರ್ ಮೇಲೆಯೇ ಕೆಂಡದಂಥ ಕೋಪ ಬಂತು. ಫೋನ್ ಮಾಡಿ ಜಗಳಾಡಿದೆ. "ನಿಮ್ಮ ಬೆನ್ನಿಗೋಸ್ಕರ ಆ ಹೆಂಗಸಿನ ಕೈ ಕಟ್ಟಿಹಾಕಿದಿರಲ್ಲ ಸರ್. ಸುಳ್ಳು ಅಂತ ಹೇಳಿಬಿಡಿ."

"ಹೇಳ್ತೀನಿ ಅಂದೆರೀ. ಆಕಿನ ಬ್ಯಾಡ ಅಂದ್ಲು" ಎಂದರು. "ಹೇಳಿದ್ರ ಮತ್ತ ಮೊಳಿ ಹೊಡಿಯಾಕ ಬರ್ತಾರ ಅಂತಾಳ." ಫೋನ್ ಇಟ್ಟರು. ನಾನು ನಂಬಲಿಲ್ಲ. ಗಂಡಸರು ತಮ್ಮ ಅನುಕೂಲಕ್ಕೆ ಹೆಂಡತಿಯ ಹೆಸರು ಹೇಳುವುದು ಹೊಸದೇನಲ್ಲ.

ಅವರು ಹೋದದ್ದು ಅದಾಗಿ ಕೆಲವು ವರ್ಷದ ಮೇಲೆ, ನಿದ್ದೆಯಲ್ಲಿ, ಪ್ಯಾರಮಟ್ಟಾದಿಂದ ಆಫೀಸಿಗೆ ಹೊತ್ತು, ನಿವೃತ್ತಿಯಾದಾಗ ಮತ್ತೆ ಮನೆಗೆ ತಂದಿದ್ದ ಅದೇ ಕುರ್ಚಿಯಲ್ಲಿ.

ಸಭೆಗೆ ಬರುತ್ತೇನೆ. ಭಾಷಣಗಳೆಲ್ಲಾ ಮುಗಿದ ಮೇಲೆ ಸಂಘದ ಅಧ್ಯಕ್ಷ ಎದ್ದ. ಅಂಕಲ್‌ಗೆ ದೊಡ್ಡ ಮರಗಳೆಂದರೆ ಪ್ರಾಣ ಎಂದು ಯಾರೋ ಅವನಿಗೆ ಹೇಳಿದ್ದರು, ಯಾವ ಮರ ಎಂದು ಹೇಳಿರಲಿಲ್ಲ. ಅವರ ಇಷ್ಟದ ಮರದ ಕೆಳಗೆ ವರ್ಷಕ್ಕೊಮ್ಮೆ ಒಂದು ಫ್ಯಾಮಿಲಿ ಡೇ, ಪುಳಿಯೋಗರೆ, ಮಕ್ಕಳಿಗೆ ಗೇಮ್ಸ್, ಒಂದು ಚಿಕ್ಕ ಪೂಜೆ ಮಾಡೋಣ ಎಂದ. ಹಾಲ್‌ನಲ್ಲಿ ಚಪ್ಪಾಳೆ. ಅವನು ಅಷ್ಟಕ್ಕೆ ಬಿಡಲಿಲ್ಲ, ಮೈಕನ್ನು ತಂದು ಶಾಂತಕ್ಕನ ಬಾಯಿಗೇ ಹಿಡಿದ. "ಆಂಟಿ, ನೀವೇ ಹೇಳಿ. ಅಂಕಲ್ ಫೇವರಿಟ್ ಮರ ಯಾವುದು? ನಾವೆಲ್ಲಾ ಸೇರಿ ಅಲ್ಲಿ ಮಾಡೋಣ. ಇನ್ಮೇಲೆ ನೀವೇ ಆರತಿ ಎತ್ತಬೇಕು."

ಶಾಂತಕ್ಕ ಅವನನ್ನು ನೋಡಿದರು. ಅವರ ಕೈಬೆರಳು ಸೆರಗಿನ ಅಂಚನ್ನು ಹೊಸೆಯುತ್ತಿತ್ತು. ಎಲ್ಲರ ಎದುರಿಗೆ ಅವರ ಆರತಿ ತಟ್ಟೆಯನ್ನು ಅವರಿಗೆ ವಾಪಸು ಕೊಡುತ್ತಿದ್ದರು. ಹ್ಞೂಂ ಅಂದರೆ ಸಾಕಿತ್ತು.

"ವಾರ್ಬರ್ಟನ್‌ದಾಗಿನ ಆ ಮರ" ಎಂದರು. "ಕಟ್ಟಕಡೀ ಸಾಲಿಂದು. ನಮ್ಮಣ್ಣನ ಮಗನ ವೀಸಾ ನುಂಗಿದ್ದು. ಅದರ ಬುಡಕ ಕುಂತು ಕುಂತ ನಮ್ಮ ಮನೆಯವ್ರೂ ಹೋದ್ರು. ಬರ್ರಿ, ಎಲ್ಲಾರೂ ಬರ್ರಿ. ಮಕ್ಕಳನ್ನೂ ಕರಕೊಂಡು ಬರ್ರಿ."

ಅಧ್ಯಕ್ಷ ಮೈಕನ್ನು ಹಿಂದಕ್ಕೆಳೆದುಕೊಂಡು, ಊಟ ರೆಡಿ ಇದೆ ಎಂದ.

ಮಾರನೆಯ ದಿನ ಶಾಂತಕ್ಕ, ನಾನು ಇಬ್ಬರೇ ತೋಪಿಗೆ ಹೋದೆವು. ಗಾಯ ಮುಚ್ಚಿತ್ತು. ಬುಡದಲ್ಲಿ ಎಲೆಯ ಹಾಸು ಮತ್ತೆ ಮೆತ್ತಗಾಗಿತ್ತು, ತುದಿ ಹಸಿರಾಗಿತ್ತು. ಶಾಂತಕ್ಕ ಉಬ್ಬಿನ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ ಗಂಡ ಕೂರುತ್ತಿದ್ದ ತಗ್ಗಿನಲ್ಲಿ ಕೂತು ಬೆನ್ನು ಕೊಟ್ಟರು. ಕುಳ್ಳಗಿನ ಹೆಂಗಸು. ಉಬ್ಬು ಸೊಂಟಕ್ಕೆ ಬರದೆ ಕತ್ತಿಗೆ ಬಂತು.

"ಥೂ, ಚುಚ್ಚತೈತಿ. ಇದರ ಸಲುವಾಗಿ ನನ್ನ ಆರತಿ ತಟ್ಟಿ ಹೋತಲ್ರೀ" ಎಂದು ಗಂಡನನ್ನು ಬೈದು, ಗೊಳೋ ಎಂದು ಅತ್ತರು. ಸಭೆಯಲ್ಲಿ ಒಂದು ಹನಿ ಹಾಕಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಥರ್ಮಾಸಿನಿಂದ ಚಹಾ ಬಗ್ಗಿಸಿ ಕೊಟ್ಟೆ.

ಕುಡಿದು ಎದ್ದರು. ಮುಖ ಒರೆಸಿಕೊಂಡು ಆ ಸಾಲಿನುದ್ದಕ್ಕೂ ಒಂದೊಂದೇ ಮರಕ್ಕೆ ಬೆನ್ನು ಹಚ್ಚಿ ನೋಡುತ್ತಾ ನಡೆದರು. ಒಂದಕ್ಕೆ ಮೂಗು ಮುರಿದರು, ಇನ್ನೊಂದಕ್ಕೆ ತಲೆ ಅಲ್ಲಾಡಿಸಿದರು. ತುಂಬಾ ದೂರ ಹೋದಮೇಲೆ, ಬೇರೆಯವಕ್ಕಿಂತ ಏನೂ ವಿಶೇಷವಿಲ್ಲದ ಒಂದರ ಬುಡದಲ್ಲಿ ಕೂತವರು ಏಳಲಿಲ್ಲ. ಕಣ್ಣು ಮುಚ್ಚಿದರು. ನಾನು ಹತ್ತಿರ ಹೋದೆ.

"ಇದು ನಂದು" ಎಂದರು, ಕಣ್ಣು ತೆರೆಯದೆ. "ಯಾರಿಗೂ ಹೇಳಬ್ಯಾಡ್ರಿ."